ಬೂಷ್ಟಿನಲ್ಲಿ ಮದ್ದು ಕಂಡ ರೈತನ ಮಗ

ಮಳೆಗಾಲದಲ್ಲಿ ಹಳಸಿದ ರೊಟ್ಟಿಯ ಮೇಲೆ, ನಿಂಬೆಹಣ್ಣಿನ ಮೇಲೆ ಹಸಿರು ಬೂಷ್ಟು ಕಟ್ಟುವುದನ್ನು ನೀವೆಲ್ಲ ನೋಡಿದ್ದೀರಿ. ಅಂಥದೇ ಬೂಷ್ಟಿನಲ್ಲಿ ಪೆನಿಸಿಲಿನ್ ಕಂಡುಹಿಡಿದ ಅಲೆಗ್ಸಾಂಡರ್ ಫ್ಲೆಮಿಂಗ್ ಅವರೂ ರೈತನ ಮಗನೇ.

ಅವರು ಹುಟ್ಟಿದ್ದು 1881ರ ಆಗಸ್ಟ್ 6ರಂದು, ಸ್ಕಾಟ್ಲೆಂಡಿನ ಡಾರ್ವೆಲ್ ಊರಿನ ಹತ್ತಿರ, ಕುರಿ ಸಾಕುವ ಮನೆಯಲ್ಲಿ. ಏಳು ವರ್ಷಕ್ಕೆ ತಂದೆ ತೀರಿಕೊಂಡರು. ಲಂಡನ್ನಿಗೆ ಹೋಗಿ ಹಡಗು ಕಂಪನಿಯಲ್ಲಿ ನಾಲ್ಕು ವರ್ಷ ಗುಮಾಸ್ತರಾಗಿದ್ದು, ಬಂಧುವೊಬ್ಬರ ಆಸ್ತಿಯಲ್ಲಿ ಪಾಲು ಬಂದ ಮೇಲೆ ವೈದ್ಯಕೀಯ ಓದಿದರು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿದ್ದಾಗ, ಗಾಯ ಕೀವುಗಟ್ಟಿ ಸೈನಿಕರು ಸಾಯುವುದನ್ನು ಕಣ್ಣಾರೆ ಕಂಡರು. ಆಗ ಗಾಯಕ್ಕೆ ಹಾಕುತ್ತಿದ್ದ ಮದ್ದು ರೋಗಾಣುವಿಗಿಂತ ಹೆಚ್ಚಾಗಿ ದೇಹವನ್ನು ಕಾಯುವ ಕಣಗಳನ್ನೇ ಕೊಲ್ಲುತ್ತಿತ್ತು.

1928ರ ಸೆಪ್ಟೆಂಬರಿನಲ್ಲಿ ರಜೆ ಮುಗಿಸಿ ಪ್ರಯೋಗಾಲಯಕ್ಕೆ ಬಂದರು. ಕೀವಿನ ರೋಗಾಣು ಬೆಳೆಸಿದ್ದ ಒಂದು ತಟ್ಟೆಗೆ ಬೂಷ್ಟು ಬಿದ್ದಿತ್ತು. ಬೇರೆಯವರಾದರೆ ತೊಳೆದಿಡುತ್ತಿದ್ದರೇನೋ! ಇವರು ಬಗ್ಗಿ ನೋಡಿದರು. ಬೂಷ್ಟಿನ ಸುತ್ತ ರೋಗಾಣುಗಳು ಕರಗಿಹೋಗಿದ್ದವು.

ಹೇಗೆ ಕರಗಿದವು? ರೋಗಾಣುವಿನ ಕೋಶಕ್ಕೆ ಬಿದಿರು ತಡಿಕೆಯಂಥ ಗೋಡೆ ಇರುತ್ತದೆ. ಪೆನಿಸಿಲಿನ್ ಅದರ ಎಳೆಗಳಿಗೆ ಅಡ್ಡಕಟ್ಟು ಬೀಳದಂತೆ ತಡೆಯುತ್ತದೆ. ಬೆಳೆಯುತ್ತಿರುವ ಗೋಡೆ ಹಿಡಿತ ತಪ್ಪಿ ಒಡೆಯುತ್ತದೆ. ನಮ್ಮ ಕೋಶಗಳಿಗಾಗಲಿ ದನದ ಕೋಶಗಳಿಗಾಗಲಿ ಇಂಥ ಗೋಡೆಯೇ ಇಲ್ಲ; ಅದಕ್ಕೇ ರೋಗಾಣು ಮಾತ್ರ ಸಾಯುತ್ತದೆ. ಈ ಮರ್ಮ ಬಯಲಾದದ್ದು 1965ರಲ್ಲಿ.

ಮದ್ದನ್ನು ಶುದ್ಧವಾಗಿ ತೆಗೆಯುವುದು ಫ್ಲೆಮಿಂಗ್ ಅವರಿಂದ ಆಗಲಿಲ್ಲ. ಆ ಕೆಲಸ ಆಕ್ಸ್‌ಫರ್ಡಿನ ಫ್ಲೋರಿ, ಚೇನ್ ಮತ್ತು ಹೀಟ್ಲಿಯವರದು. ಹೆಸರು ಮಾತ್ರ ಫ್ಲೆಮಿಂಗರಿಗೇ ಹೆಚ್ಚು ಬಂತು. 1941ರಲ್ಲಿ ಮೊದಲ ರೋಗಿಗಳಲ್ಲಿ ಒಬ್ಬ ಪೊಲೀಸಿನವನು ಚೇತರಿಸಿಕೊಳ್ಳುತ್ತಿರುವಾಗಲೇ ಮದ್ದು ಮುಗಿದು ತೀರಿಕೊಂಡ. ಮುಂದೆ ಅಮೆರಿಕದಲ್ಲಿ ಮುಸುಕಿನ ಜೋಳ ನೆನೆಸಿದ ನೀರಿನಲ್ಲಿ ಬೂಷ್ಟು ಬೆಳೆಸಿ ಇಳುವರಿ ಏರಿಸಿದರು. ಅತಿ ಹೆಚ್ಚು ಮದ್ದು ಕೊಟ್ಟ ತಳಿ ಸಿಕ್ಕಿದ್ದು ಕೊಳೆತ ಕರಬೂಜ ಹಣ್ಣಿನಲ್ಲಿ!

1945ರಲ್ಲಿ ಫ್ಲೆಮಿಂಗ್, ಫ್ಲೋರಿ, ಚೇನ್ ಮೂವರಿಗೂ ನೊಬೆಲ್ ಪ್ರಶಸ್ತಿ ಬಂತು. ಆ ಸಂದರ್ಭದ ಉಪನ್ಯಾಸದಲ್ಲಿ ಫ್ಲೆಮಿಂಗ್ ಅವರು ಒಂದು ಎಚ್ಚರಿಕೆ ಕೊಟ್ಟರು. ಅರೆಬರೆ ಮದ್ದು ತೆಗೆದುಕೊಂಡರೆ ರೋಗಾಣು ಸಾಯದೆ ಅದಕ್ಕೆ ಒಗ್ಗಿಕೊಳ್ಳುತ್ತದೆ, ಆಮೇಲೆ ಅದು ಹತ್ತಿದವರಿಗೆ ಮದ್ದು ನಾಟುವುದಿಲ್ಲ ಎಂದು. ನಾನು ಹಳ್ಳಿಗಳಲ್ಲಿ ಕಾಣುವುದೂ ಅದನ್ನೇ. ಹಸುವಿಗೆ ಕೆಚ್ಚಲು ಬಾವು ಬಂದಾಗ ಎರಡು ಸೂಜಿಗೆ ಹಾಲು ತಿಳಿಯಾದರೆ ಮೂರನೆಯದನ್ನು ಹಾಕಿಸುವುದಿಲ್ಲ. ಪಶುವೈದ್ಯರು ಹೇಳಿದಷ್ಟು ದಿನವೂ ಹಾಕಿಸಿರಿ. ಎಷ್ಟು ದಿನದ ಹಾಲನ್ನು ಡೇರಿಗೆ ಕೊಡಬಾರದೆಂದೂ ಅವರನ್ನೇ ಕೇಳಿರಿ.

ಫ್ಲೆಮಿಂಗ್ ಅವರು 1955ರ ಮಾರ್ಚ್ 11ರಂದು ಲಂಡನ್ನಿನಲ್ಲಿ ತೀರಿಕೊಂಡರು. ಅಲ್ಲಿನ ಸೇಂಟ್ ಪಾಲ್ಸ್ ಚರ್ಚಿನಲ್ಲಿ ಅವರ ಸಮಾಧಿಯಿದೆ.