ಅಜ್ಜಿಯ ಮದ್ದನ್ನು ಅಳೆದು ನೋಡಿದ ಡಾಕ್ಟರು

ಈ ಸಲ ನಾನು ವಿಲಿಯಂ ವಿದರಿಂಗ್ ಎಂಬ ವೈದ್ಯರ ಬಗ್ಗೆ ಬರೆದಿದ್ದೇನೆ. ಹೃದಯದ ಕಾಯಿಲೆಗೆ ಒಂದು ಗಿಡದಿಂದ ಔಷಧಿ ಕೊಟ್ಟವರು ಇವರು.

ವಿದರಿಂಗ್ ಅವರು 1741ರಲ್ಲಿ ಇಂಗ್ಲೆಂಡಿನ ಷ್ರಾಪ್‌ಷೈರ್ ಎಂಬ ಪ್ರಾಂತ್ಯದಲ್ಲಿ ಜನಿಸಿದರು. ಎಡಿನ್‌ಬರೋದಲ್ಲಿ ಓದಿ 1766ರಲ್ಲಿ ಡಾಕ್ಟರಾದರು. ಓದುವಾಗ ಅವರಿಗೆ ಸಸ್ಯಶಾಸ್ತ್ರ ಅಂದರೆ ಬೇಜಾರು! ಆಮೇಲೆ ಅವರ ಹತ್ತಿರ ಚಿಕಿತ್ಸೆಗೆ ಬಂದ ಹೆಲೆನಾ ಎಂಬುವರು ಹೂಗಳ ಚಿತ್ರ ಬರೆಯುತ್ತಿದ್ದರು. ಅವರಿಗೋಸ್ಕರ ಹೂ ಹುಡುಕಿ ತರುತ್ತಾ ತರುತ್ತಾ ಡಾಕ್ಟರಿಗೂ ಗಿಡಗಳ ಮೇಲೆ ಆಸಕ್ತಿ ಬಂತು. 1772ರಲ್ಲಿ ಇಬ್ಬರೂ ಮದುವೆಯಾದರು.

ಆ ಕಾಲದಲ್ಲಿ ಮೈಗೆ ನೀರು ತುಂಬಿ, ಕಾಲು ಬಾತು, ಉಸಿರು ಕಟ್ಟಿ ಬಹಳ ಜನ ಸಾಯುತ್ತಿದ್ದರು. ಡಾಕ್ಟರುಗಳ ಹತ್ತಿರ ಸರಿಯಾದ ಔಷಧಿ ಇರಲಿಲ್ಲ. ಆದರೆ ಷ್ರಾಪ್‌ಷೈರಿನ ಒಬ್ಬ ಅಜ್ಜಿ ಗುಟ್ಟಾಗಿ ಇಟ್ಟುಕೊಂಡಿದ್ದ ಮದ್ದಿನಿಂದ ಕೆಲವರು ಗುಣವಾಗಿದ್ದರು. 1775ರಲ್ಲಿ ಆ ಮದ್ದು ಹೇಗಿದೆ ನೋಡಿ ಅಂತ ವಿದರಿಂಗ್ ಅವರನ್ನು ಕೇಳಿದರು. ಅದರಲ್ಲಿ ಸುಮಾರು 20 ಬಗೆಯ ಸೊಪ್ಪುಗಳಿದ್ದವು. ಹಳ್ಳಿ ಮದ್ದು ಅಂತ ಅವರು ನಗಲಿಲ್ಲ. ಕೆಲಸ ಮಾಡುವುದು ಫಾಕ್ಸ್‌ಗ್ಲೋವ್ ಎಂಬ ಗಿಡದ ಎಲೆ ಎಂದು ಗುರುತಿಸಿದರು.

ಫಾಕ್ಸ್‌ಗ್ಲೋವ್ ಹೂವು ನಮ್ಮ ಎಳ್ಳಿನ ಹೂವಿನ ಹಾಗೆ ಕಾಣುತ್ತದೆ. ಆದರೆ ಗಿಡವೆಲ್ಲಾ ವಿಷ. ಮೊದಮೊದಲು ಜಾಸ್ತಿ ಕೊಟ್ಟಾಗ ರೋಗಿಗಳಿಗೆ ವಾಂತಿ ಆಯಿತು. ಆಮೇಲೆ ಅವರು ಗಿಡ ಹೂ ಬಿಡುವ ಕಾಲದಲ್ಲಿ ಎಲೆ ಕಿತ್ತು, ಒಣಗಿಸಿ, ಪುಡಿ ಮಾಡಿ, ತೂಕ ನೋಡಿ ಸ್ವಲ್ಪ ಸ್ವಲ್ಪವೇ ಕೊಟ್ಟರು. ನಾಡಿ ತೀರಾ ನಿಧಾನವಾದರೆ ನಿಲ್ಲಿಸಬೇಕು ಎಂದು ಕಂಡುಕೊಂಡರು. ಬಡವರನ್ನು ದುಡ್ಡಿಲ್ಲದೇ ನೋಡುತ್ತಿದ್ದರು.

ಹೀಗೆ 10 ವರ್ಷ ಪರೀಕ್ಷೆ ಮಾಡಿ 1785ರಲ್ಲಿ ಪುಸ್ತಕ ಬರೆದರು. ಗುಣವಾದವರನ್ನು ಮಾತ್ರ ಅಲ್ಲ, ಗುಣವಾಗದವರನ್ನೂ ಸತ್ತವರನ್ನೂ ಮುಚ್ಚಿಡದೆ ಬರೆದರು. ಈ ಎಲೆಗೆ ಹೃದಯದ ಬಡಿತದ ಮೇಲೆ ಶಕ್ತಿ ಇದೆ ಎಂದೂ ತಿಳಿಸಿದರು. ಅಜ್ಜಿಯಿಂದ ತಿಳಿಯಿತು ಎನ್ನುವುದನ್ನೂ ಬಿಡಲಿಲ್ಲ. ಆದರೆ ಅಜ್ಜಿಯ ಹೆಸರು ಮಾತ್ರ ಬರೆಯಲಿಲ್ಲ.

ವಿದರಿಂಗ್ 1799ರಲ್ಲಿ ತೀರಿಕೊಂಡರು. ಅವರ ಸ್ಮಾರಕದ ಕಲ್ಲಿನಲ್ಲಿ ಫಾಕ್ಸ್‌ಗ್ಲೋವ್ ಕೆತ್ತಿದ್ದಾರೆ. 1930ರಲ್ಲಿ ಅದೇ ಜಾತಿಯ ಇನ್ನೊಂದು ಗಿಡದಿಂದ ಡಿಗಾಕ್ಸಿನ್ ಎಂಬ ಔಷಧಿ ತೆಗೆದರು. ಈಗಲೂ ಕೆಲವು ಹೃದಯ ರೋಗಿಗಳಿಗೆ ಅದನ್ನು ಅಳತೆ ಮಾಡಿ ಕೊಡುತ್ತಾರೆ.

ಗೆಳೆಯರೇ, ನಮ್ಮಜ್ಜಿಗೂ ಬೇಲಿಯ ಸೊಪ್ಪುಗಳ ಹೆಸರು ಗೊತ್ತು. ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೇನೆ, ಅಜ್ಜಿಯ ಹೆಸರನ್ನೂ ಮೇಲೆ ಬರೆದಿದ್ದೇನೆ. ನೀವೂ ಕೇಳಿ ಬರೆಯಿರಿ. ಆದರೆ ತಿಂದು ನೋಡಬೇಡಿ! ಅಳತೆ ತಪ್ಪಿದರೆ ಮದ್ದೇ ವಿಷ.

- 7ನೇ ತರಗತಿ ವಿದ್ಯಾರ್ಥಿನಿ