ಗ್ರಂಥಾಲಯದಲ್ಲಿ ಹುಟ್ಟಿದ ಯಂತ್ರ

ತಾಲ್ಲೂಕು ಕಚೇರಿಯ ಆಸುಪಾಸಿನಲ್ಲಿ ಜೆರಾಕ್ಸ್ ಅಂಗಡಿ ಇಲ್ಲದ ಊರು ನಮ್ಮಲ್ಲಿ ಅಪರೂಪ. ಪಹಣಿಯಿಂದ ಅಂಕಪಟ್ಟಿಯವರೆಗೆ ಎಲ್ಲದರ ಪ್ರತಿಯನ್ನೂ ಅಲ್ಲಿ ತೆಗೆಸುತ್ತೇವೆ. ಈ ಯಂತ್ರದ ಮೂಲಪುರುಷ ಚೆಸ್ಟರ್ ಕಾರ್ಲ್‌ಸನ್ ಅವರ ಬದುಕನ್ನು ನೆನೆದಾಗಲೆಲ್ಲ ನನಗೆ ನನ್ನದೇ ಒಂದು ಲೋಪ ನೆನಪಾಗುತ್ತದೆ.

ಕಾರ್ಲ್‌ಸನ್ 1906ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಜನಿಸಿದರು. ತಂದೆ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದರಿಂದ ಬಾಲ್ಯದಲ್ಲೇ ದುಡಿಮೆಗಿಳಿದರು. ಹದಿನೇಳರ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡರು. 1930ರಲ್ಲಿ ಭೌತವಿಜ್ಞಾನದ ಪದವಿ ಪಡೆಯುವ ಹೊತ್ತಿಗೆ ಆರ್ಥಿಕ ಮಹಾಕುಸಿತ ಆರಂಭವಾಗಿತ್ತು. ಬೆಲ್ ಪ್ರಯೋಗಾಲಯದಲ್ಲಿ ಸಿಕ್ಕ ಕೆಲಸವೂ 1933ರಲ್ಲಿ ಕೈತಪ್ಪಿತು. ಅನಂತರ ನ್ಯೂಯಾರ್ಕ್‌ನಲ್ಲಿ ಮ್ಯಾಲರಿ ಕಂಪನಿಯ ಪೇಟೆಂಟ್ ವಿಭಾಗ ಸೇರಿದರು. ಅಲ್ಲಿ ದಾಖಲೆಗಳ ಪ್ರತಿ ಬೇಕೆಂದರೆ ಮತ್ತೆ ಬೆರಳಚ್ಚು ಮಾಡಿಸಬೇಕಿತ್ತು, ಇಲ್ಲವೇ ಹಣ ತೆತ್ತು ಛಾಯಾಚಿತ್ರ ತೆಗೆಸಬೇಕಿತ್ತು. ಕಚೇರಿಯಲ್ಲೇ ಪ್ರತಿ ತೆಗೆಯುವ ಸುಲಭ ಉಪಾಯವೊಂದು ಬೇಕೆಂದು ಅವರಿಗೆ ಅನ್ನಿಸಿತು.

ಆದರೆ ಅವರು ಕೂಡಲೇ ಉಪಕರಣಗಳನ್ನು ಕೊಳ್ಳಲಿಲ್ಲ. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದಲ್ಲಿ ಕುಳಿತು ತಿಂಗಳುಗಟ್ಟಲೆ ಓದಿದರು. ಛಾಯಾಗ್ರಹಣದ ರಾಸಾಯನಿಕ ಮಾರ್ಗವನ್ನು ದೊಡ್ಡ ಕಂಪನಿಗಳು ಆಗಲೇ ಶೋಧಿಸಿದ್ದವು. ಅದನ್ನರಿತು ಆ ದಾರಿಯನ್ನೇ ಬಿಟ್ಟರು. ಹಂಗೇರಿಯ ಭೌತವಿಜ್ಞಾನಿ ಪಾಲ್ ಸೆಲೆನಿ ಸ್ಥಾಯಿ ವಿದ್ಯುತ್ತಿನಿಂದ ಚಿತ್ರ ಮೂಡಿಸಿದ್ದ ಬಗೆಯನ್ನು ಓದಿದಾಗ ಹೊಸ ಸುಳಿವು ದೊರೆಯಿತು. ಬೆಳಕು ಬಿದ್ದಾಗ ಮಾತ್ರ ವಿದ್ಯುತ್ತನ್ನು ಹರಿಯಗೊಡುವ ವಸ್ತುಗಳನ್ನು ಇದರೊಂದಿಗೆ ಜೋಡಿಸಿದರೆ ಹೇಗೆ ಎಂದು ಯೋಚಿಸಿದರು.

1938ರ ಅಕ್ಟೋಬರ್ 22ರಂದು ಅಸ್ಟೋರಿಯಾದ ಬಾಡಿಗೆ ಕೋಣೆಯಲ್ಲಿ, ಸಹಾಯಕ ಆಟೊ ಕಾರ್ನೈ ಜೊತೆ, ಗಂಧಕ ಲೇಪಿಸಿದ ಸತುವಿನ ತಗಡನ್ನು ಬಟ್ಟೆಯಿಂದ ಉಜ್ಜಿ ವಿದ್ಯುದಾವೇಶ ನೀಡಿದರು. ದಿನಾಂಕ ಮತ್ತು ಸ್ಥಳದ ಹೆಸರು ಬರೆದ ಗಾಜಿನ ಮೂಲಕ ಅದರ ಮೇಲೆ ಬೆಳಕು ಹಾಯಿಸಿ, ಪುಡಿ ಉದುರಿಸಿದಾಗ ಅಕ್ಷರಗಳು ಮೂಡಿದವು. 1942ರಲ್ಲಿ ಪೇಟೆಂಟ್ ದೊರೆಯಿತು. ಇಪ್ಪತ್ತಕ್ಕೂ ಹೆಚ್ಚು ಕಂಪನಿಗಳು ಈ ವಿಧಾನವನ್ನು ತಿರಸ್ಕರಿಸಿದ್ದವು. 1944ರಲ್ಲಿ ಬ್ಯಾಟೆಲ್ ಸಂಶೋಧನಾ ಸಂಸ್ಥೆಯೂ ಅನಂತರ ಹ್ಯಾಲಾಯ್ಡ್ ಎಂಬ ಸಣ್ಣ ಕಂಪನಿಯೂ ಕೈಜೋಡಿಸಿದವು. ಮುಂದೆ ಜೆರಾಕ್ಸ್ ಎಂದು ಹೆಸರಾದ ಆ ಕಂಪನಿಯ 914 ಯಂತ್ರ 1959ರಲ್ಲಿ ಹೊರಬಂದಿತು. ಗಳಿಸಿದ ಸಂಪತ್ತಿನ ಬಹುಭಾಗವನ್ನು ದಾನವಾಗಿತ್ತ ಕಾರ್ಲ್‌ಸನ್ 1968ರಲ್ಲಿ ತೀರಿಕೊಂಡರು.

ಪೇಟೆಂಟ್ ಎಂಬುದು ಸಮಾಜ ಮತ್ತು ಶೋಧಕರ ನಡುವಿನ ಒಪ್ಪಂದ. ಸೀಮಿತ ಅವಧಿಯ ಏಕಸ್ವಾಮ್ಯ ಪಡೆದವರು ತಮ್ಮ ಶೋಧವನ್ನು ಬರಹದಲ್ಲಿ ಬಹಿರಂಗಪಡಿಸಲೇಬೇಕು. ಹೀಗೆ ಬೆಳೆದ ಜ್ಞಾನ ಭಂಡಾರವನ್ನು ಓದದೆ ಹೊಸ ಯಂತ್ರಕ್ಕೆ ಕೈಹಾಕುವುದು ಮನೆ ಪತ್ರ ನೋಡದೆ ನಿವೇಶನ ಕೊಂಡಂತೆ.

ಅರ್ಥಶಾಸ್ತ್ರದ ಎಂ.ಎ. ಪದವೀಧರನಾದ ನಾನು ಇದನ್ನು ಅರಿಯದವನೇನಲ್ಲ. ಆದರೂ ಜಿಲ್ಲೆಯೊಂದರಲ್ಲಿ ಅಧಿಕಾರಿಯಾಗಿದ್ದಾಗ, ಅಡಿಕೆ ಸುಲಿಯುವ ಯಂತ್ರ ರೂಪಿಸಿ ಸಾಲದ ಶಿಫಾರಸಿಗೆಂದು ಬಂದ ಯುವಕನಿಂದ ಪ್ರತಿಯೊಂದು ದಾಖಲೆಯ ಮೂರು ಜೆರಾಕ್ಸ್ ಪ್ರತಿ ಕೇಳಿದೆನೇ ಹೊರತು, ಇಂಥ ಯಂತ್ರ ಈಗಾಗಲೇ ಇದೆಯೇ ಎಂದು ಕೇಳಲಿಲ್ಲ. ಎರಡು ವರ್ಷಗಳ ತರುವಾಯ ಅದೇ ವಿಧಾನಕ್ಕೆ ಬೇರೊಬ್ಬರು ಮೊದಲೇ ಪೇಟೆಂಟ್ ಪಡೆದಿದ್ದುದು ತಿಳಿಯಿತು. ಆತ ತಯಾರಿಕೆ ನಿಲ್ಲಿಸಿದ. ಸಾಲ ಮಾತ್ರ ಉಳಿಯಿತು. ಆ ಕಡತದಲ್ಲಿ ನನ್ನ ಸಹಿಯಿದೆ.

ಇಂದು ಪೇಟೆಂಟ್ ದಾಖಲೆಗಳನ್ನು ಮನೆಯಲ್ಲೇ ಕುಳಿತು ಅಂತರ್ಜಾಲದಲ್ಲಿ ಉಚಿತವಾಗಿ ಓದಬಹುದು. ಆದರೆ ಕನ್ನಡದಲ್ಲಿ ಮಾತ್ರ ಓದಿದ ಗ್ರಾಮೀಣ ಶೋಧಕನಿಗೆ ಅದರ ಕಾನೂನು ಭಾಷೆ ಎಟುಕದು. ಸಾಲ, ಸಹಾಯಧನ ನೀಡುವ ಕಚೇರಿಗಳು ಅರ್ಜಿಯಲ್ಲಿ ಈ ಪ್ರಶ್ನೆಗೊಂದು ಕಾಲಂ ಇಡಬೇಕು. ಉತ್ತರ ಹುಡುಕಲು ಅರ್ಜಿದಾರನ ಪಕ್ಕದಲ್ಲಿ ಕುಳಿತುಕೊಳ್ಳುವ ಒಬ್ಬರನ್ನೂ ನೇಮಿಸಬೇಕು.