ನಾಲ್ಕು ಟೀಮ್, ಐದು ಟೈಟಲ್, ಮತ್ತೆ ಒಬ್ಬ ಬಿಟ್ಟುಕೊಟ್ಟ ಕಾರು

ಫಾರ್ಮುಲಾ ಒನ್ ನೋಡೋರು ನಾಲ್ಕು ಜನ ಸೇರಿದ್ರೆ ಜಗಳ ಗ್ಯಾರಂಟಿ. ಹ್ಯಾಮಿಲ್ಟನ್‌ನ ಏಳು ಟೈಟಲ್‌ಗಳಲ್ಲಿ ಆರು ಮರ್ಸಿಡಿಸ್ ಕಾರಿನ ಪುಣ್ಯ ಅಂತ ಒಬ್ಬ ಅಂದ್ರೆ, ಇನ್ನೊಬ್ಬ 2021ರ ಅಬುಧಾಬಿ ಸೇಫ್ಟಿ ಕಾರ್ ವಿಷಯ ಎತ್ತುತ್ತಾನೆ. 2025ರ ಮೊಂಜಾ ರೇಸ್‌ನಲ್ಲಿ ಮೆಕ್‌ಲಾರೆನ್ ಟೀಮ್ ಪಿಯಾಸ್ಟ್ರಿಗೆ ಎರಡನೇ ಸ್ಥಾನವನ್ನು ನಾರಿಸ್‌ಗೆ ವಾಪಸ್ ಬಿಟ್ಟುಕೊಡು ಅಂದಾಗಲಂತೂ ನಮ್ಮಲ್ಲೇ ಎರಡು ಪಾರ್ಟಿ ಆಗಿತ್ತು. ಒಳ್ಳೆ ಸೀಟ್ ಸಿಕ್ಕಿದ್ದಕ್ಕೆ ಗೆದ್ದನಾ? ರೂಲ್ಸ್ ಕಾಪಾಡಿತಾ? ಟೀಮ್‌ಮೇಟ್ ಬಿಟ್ಟುಕೊಟ್ಟಿದ್ದು ಸರಿನಾ? ಈ ಮೂರೂ ಪ್ರಶ್ನೆಯನ್ನು ಒಟ್ಟಿಗೆ ಕೇಳಬೇಕಾದ ಒಬ್ಬ ಮನುಷ್ಯ ಇದ್ದಾನೆ. ಹುವಾನ್ ಮ್ಯಾನುಯೆಲ್ ಫಾಂಜಿಯೊ. ಅವನ ಹೆಸರು ನಮ್ಮಲ್ಲಿ ಬಹಳ ಜನಕ್ಕೆ ರೆಕಾರ್ಡ್ ಪಟ್ಟಿಯಲ್ಲಿ ಮಾತ್ರ ಗೊತ್ತು.

ಹುಟ್ಟಿದ್ದು 1911ರ ಜೂನ್ 24ರಂದು, ಅರ್ಜೆಂಟೀನಾದ ಬಾಲ್ಕಾರ್ಸೆ ಅನ್ನೋ ಊರಲ್ಲಿ. ಅಪ್ಪ ಅಮ್ಮ ಇಟಲಿಯಿಂದ ಬಂದು ನೆಲೆಸಿದ ಕುಟುಂಬದವರು. ಹದಿಮೂರರ ಆಸುಪಾಸಿಗೆ ಶಾಲೆ ಬಿಟ್ಟು ಗ್ಯಾರೇಜಿಗೆ ಸೇರಿದ. ಫುಟ್‌ಬಾಲ್ ಚೆನ್ನಾಗಿ ಆಡ್ತಿದ್ದ. ಸೊಟ್ಟ ಕಾಲಿನವನು ಅನ್ನೋ ಅರ್ಥದ ಅಡ್ಡಹೆಸರೂ ಬಂತು. ಮಿಲಿಟರಿ ಸೇವೆ ಮುಗಿಸಿ ಬಂದು ಊರಲ್ಲೇ ಸ್ವಂತ ಗ್ಯಾರೇಜ್ ಹಾಕಿದ. ಇಂಜಿನ್ ಬಿಚ್ಚಿ ಜೋಡಿಸೋದು ಮೊದಲು ಬಂತು, ರೇಸ್ ಆಮೇಲೆ. ನಾವು ಇದನ್ನ ಒತ್ತಿ ಹೇಳ್ತಿರೋದಕ್ಕೆ ಕಾರಣ ಇದೆ, ಮುಂದೆ ಬರುತ್ತೆ.

ಅಲ್ಲಿನ ರೇಸ್ ಅಂದ್ರೆ ಈಗಿನ ಹಾಗೆ ಟ್ರ್ಯಾಕ್ ಅಲ್ಲ, ಮಣ್ಣು ರಸ್ತೆ, ಬೆಟ್ಟ, ಮರುಭೂಮಿ. 1940ರಲ್ಲಿ ಬ್ಯೂನಸ್ ಐರಿಸ್‌ನಿಂದ ಪೆರುವಿನ ಲಿಮಾಕ್ಕೆ ಹೋಗಿ ವಾಪಸ್ ಬರೋ ರೇಸ್, ಒಂಬತ್ತು ಸಾವಿರ ಕಿಲೋಮೀಟರಿಗೂ ಜಾಸ್ತಿ. ಊರಿನವರು ದುಡ್ಡು ಸೇರಿಸಿ ಕೊಡಿಸಿದ್ದ ಷೆವರ್ಲೆ ಕಾರಲ್ಲಿ ಅದನ್ನ ಗೆದ್ದ. ದಾರಿಯಲ್ಲಿ ಕೆಟ್ಟದ್ದನ್ನು ಅವರೇ ರಿಪೇರಿ ಮಾಡ್ಕೊಂಡು ಮುಂದೆ ಹೋಗಬೇಕಿತ್ತು. ಎಂಟು ವರ್ಷದ ಮೇಲೆ, 1948ರಲ್ಲಿ, ಕರಾಕಸ್‌ವರೆಗಿನ ಇಂಥದ್ದೇ ರೇಸ್‌ನಲ್ಲಿ ಪೆರುವಿನಲ್ಲಿ ಕಾರು ಉರುಳಿ ಜೊತೆಗಿದ್ದ ಡೇನಿಯಲ್ ಉರುಟಿಯಾ ಸತ್ತುಹೋದ. ಉಳಿದ ಫಾಂಜಿಯೊ ಮುಂದಿನ ವರ್ಷ ಅರ್ಜೆಂಟೀನಾ ಆಟೊಮೊಬೈಲ್ ಕ್ಲಬ್ ಮತ್ತು ಪೆರೋನ್ ಸರ್ಕಾರದ ಬೆಂಬಲದಿಂದ ಯೂರೋಪಿಗೆ ಹೋದ. ಆಗ ಅವನಿಗೆ ವಯಸ್ಸು 38ರ ಹತ್ತಿರ. ಈಗ ಆ ವಯಸ್ಸಿನ ಡ್ರೈವರ್‌ಗೆ ಹೊಸ ಸೀಟ್ ಕೊಡೋರು ಯಾರು ಹೇಳಿ?

1950ರಲ್ಲಿ ವಿಶ್ವ ಚಾಂಪಿಯನ್‌ಶಿಪ್ ಶುರುವಾಯ್ತು. ಆಲ್ಫಾ ರೋಮಿಯೊ ಟೀಮಲ್ಲಿ ಎರಡನೇ ಸ್ಥಾನ, 1951ರಲ್ಲಿ ಅದೇ ಟೀಮಲ್ಲಿ ಮೊದಲ ಟೈಟಲ್. ಆ ವರ್ಷದ ಕೊನೆಗೆ ಆಲ್ಫಾ ರೋಮಿಯೊ ಆಟ ಬಿಟ್ಟಿತು. 1952ರಲ್ಲಿ ಒಂದು ರೇಸ್ ಮುಗಿಸಿ, ಪ್ಯಾರಿಸ್‌ನಿಂದ ರಾತ್ರಿಯಿಡೀ ಆಲ್ಪ್ಸ್ ದಾಟಿ ಕಾರು ಓಡಿಸಿಕೊಂಡು ಮೊಂಜಾಗೆ ಬಂದು, ನಿದ್ದೆ ಇಲ್ಲದೆ ನೇರ ರೇಸಿಗೆ ಇಳಿದ. ಎರಡನೇ ಲ್ಯಾಪ್‌ನಲ್ಲೇ ಕಾರಿಂದ ಹೊರಗೆ ಎಸೆಯಲ್ಪಟ್ಟು ಕತ್ತಿನ ಮೂಳೆ ಮುರೀತು. ಆ ವರ್ಷ ಪೂರ್ತಿ ಹೋಯ್ತು. ವಾಪಸ್ ಬಂದು 1953ರಲ್ಲಿ ಮಸೆರಾಟಿ, 1954ರಲ್ಲಿ ಮಸೆರಾಟಿಯಲ್ಲಿ ಶುರು ಮಾಡಿ ಮಧ್ಯದಲ್ಲಿ ಮರ್ಸಿಡಿಸ್, 1955ರಲ್ಲಿ ಮರ್ಸಿಡಿಸ್, 1956ರಲ್ಲಿ ಫೆರಾರಿ, 1957ರಲ್ಲಿ ಮತ್ತೆ ಮಸೆರಾಟಿ. 1954ರಿಂದ 1957ರವರೆಗೆ ನಾಲ್ಕೂ ವರ್ಷ ಅವನೇ ಚಾಂಪಿಯನ್. ನಾಲ್ಕು ಬೇರೆ ಬೇರೆ ಟೀಮಲ್ಲಿ ಟೈಟಲ್ ಗೆದ್ದವನು ಇವತ್ತಿಗೂ ಇನ್ನೊಬ್ಬ ಇಲ್ಲ.

ಇಲ್ಲೇ ಫ್ಯಾನ್ಸ್ ಬಾಯಿ ಹಾಕೋದು. ಯಾವ ಕಾರು ಚೆನ್ನಾಗಿದೆಯೋ ಅಲ್ಲಿಗೆ ಜಿಗಿದ, ಅದಕ್ಕೇ ಗೆದ್ದ ಅಂತ. ಅರ್ಧ ನಿಜ. ಸೀಟ್ ಹುಡುಕೋದರಲ್ಲಿ ಅವನು ಮಹಾ ಚಾಲಾಕಿ. ಆದ್ರೆ 1954ರ ಮರ್ಸಿಡಿಸ್ ನೋಡಿ. ಚಕ್ರವನ್ನೂ ಮುಚ್ಚಿದ ಸ್ಟ್ರೀಮ್‌ಲೈನ್ಡ್ ಬಾಡಿ, ಉದ್ದನೆಯ ಸ್ಟ್ರೈಟ್ ಇರೋ ರೀಮ್ಸ್‌ಗೆ ಹೇಳಿ ಮಾಡಿಸಿದ ಹಾಗಿತ್ತು, ಗೆದ್ದ. ಅದೇ ಕಾರನ್ನ ಸಿಲ್ವರ್‌ಸ್ಟೋನ್‌ಗೆ ತಂದಾಗ ಮುಂದಿನ ಚಕ್ರ ಎಲ್ಲಿದೆ ಅಂತ ಕಾಣದೆ, ಟ್ರ್ಯಾಕ್ ಅಂಚಿಗೆ ಇಟ್ಟಿದ್ದ ಆಯಿಲ್ ಡ್ರಮ್‌ಗಳಿಗೆ ಗುದ್ದಿ ನಾಲ್ಕನೆಯವನಾದ. ಮುಂದಿನ ರೇಸ್‌ಗೆ ಚಕ್ರ ಹೊರಗೆ ಕಾಣೋ ಬಾಡಿ ಬಂತು, ಮತ್ತೆ ಗೆಲುವು. ಡ್ರ್ಯಾಗ್ ಕಮ್ಮಿ ಮಾಡಿದ ಮಾತ್ರಕ್ಕೆ ಕಾರು ಫಾಸ್ಟ್ ಆಗಲ್ಲ ಅನ್ನೋಕೆ ಇದಕ್ಕಿಂತ ಒಳ್ಳೆ ಉದಾಹರಣೆ ನಮ್ಮ ಟೆಕ್ಸ್ಟ್‌ಬುಕ್ಕಲ್ಲೂ ಇಲ್ಲ. ಆ ವರ್ಷ ಮರ್ಸಿಡಿಸ್ ಕೂತು ಫಾಂಜಿಯೊ ನಾಲ್ಕು ಚಾಂಪಿಯನ್‌ಶಿಪ್ ರೇಸ್ ಗೆದ್ದ. ಅದೇ ಕಾರು ಓಡಿಸಿದ ಟೀಮ್‌ಮೇಟ್ಸ್ ಗೆದ್ದಿದ್ದು ಸೊನ್ನೆ. ಕಾರೇ ಎಲ್ಲಾ ಅನ್ನೋರು ಇದಕ್ಕೆ ಏನಂತಾರೋ.

1956 ಮಾತ್ರ ನಮಗೂ ಗಂಟಲಲ್ಲಿ ಸಿಕ್ಕಿಕೊಳ್ಳೋ ವರ್ಷ. ಲೆ ಮಾನ್ಸ್‌ನಲ್ಲಿ 1955ರ ಜೂನ್‌ನಲ್ಲಿ ಮರ್ಸಿಡಿಸ್ ಕಾರು ಹಾರಿ ಜನರ ಮೇಲೆ ಬಿದ್ದು ಎಂಬತ್ತಕ್ಕೂ ಹೆಚ್ಚು ಪ್ರೇಕ್ಷಕರು ಸತ್ತಿದ್ದರು. ವರ್ಷದ ಕೊನೆಗೆ ಕಂಪನಿ ರೇಸಿಂಗೇ ನಿಲ್ಲಿಸಿತು. ಫಾಂಜಿಯೊ ಫೆರಾರಿಗೆ ಬಂದ. ಅಲ್ಲಿ ಟೀಮ್‌ಮೇಟ್ಸ್ ಎಲ್ಲಾ ಇಪ್ಪತ್ತು ಚಿಲ್ಲರೆ ವಯಸ್ಸಿನ ಹುಡುಗರು, ಅಥವಾ ಸ್ವಲ್ಪ ಮೇಲೆ: ಕಾಲಿನ್ಸ್, ಮುಸ್ಸೊ, ಕಾಸ್ಟೆಲೊಟಿ.

ಆಗಿನ ರೂಲ್ಸ್ ಈಗ ಕೇಳಿದ್ರೆ ತಲೆ ತಿರುಗುತ್ತೆ. ಗೆದ್ದವನಿಗೆ 8 ಪಾಯಿಂಟ್, ಆಮೇಲೆ 6, 4, 3, 2. ಫಾಸ್ಟೆಸ್ಟ್ ಲ್ಯಾಪ್‌ಗೆ 1. ಎಂಟು ರೇಸ್‌ನಲ್ಲಿ ಒಳ್ಳೆ ಐದು ಮಾತ್ರ ಲೆಕ್ಕಕ್ಕೆ. ಎಲ್ಲಕ್ಕಿಂತ ದೊಡ್ಡದು, ರೇಸ್ ಮಧ್ಯೆ ಪಿಟ್‌ಗೆ ಬಂದು ಟೀಮ್‌ಮೇಟ್‌ನ ಕಾರಿಂದ ಇಳಿಸಿ ನೀನು ಹತ್ತಬಹುದು. ಬಂದ ಪಾಯಿಂಟನ್ನ ಇಬ್ಬರೂ ಹಂಚ್ಕೋಬೇಕು. ಅರ್ಜೆಂಟೀನಾದಲ್ಲಿ ಫಾಂಜಿಯೊ ಕಾರು ಕೆಟ್ಟಾಗ ಮುಸ್ಸೊನ ಕಾರು ತಗೊಂಡು ಗೆದ್ದ. ಮೊನಾಕೊದಲ್ಲಿ ಕಾಲಿನ್ಸ್‌ನ ಕಾರಲ್ಲಿ ಎರಡನೆಯವನಾದ.

ಕೊನೆಯ ರೇಸ್ ಮೊಂಜಾ, ಸೆಪ್ಟೆಂಬರ್. ಫಾಂಜಿಯೊ 30 ಪಾಯಿಂಟ್, ಕಾಲಿನ್ಸ್ 22. ಫಾಂಜಿಯೊ ಹೊರಗೆ ಹೋಗಿ, ಕಾಲಿನ್ಸ್ ರೇಸ್ ಗೆದ್ದು ಫಾಸ್ಟೆಸ್ಟ್ ಲ್ಯಾಪನ್ನೂ ಹಾಕಿದ್ರೆ 31, ಅವನೇ ಚಾಂಪಿಯನ್, ಅದೂ ಇಂಗ್ಲೆಂಡಿನ ಮೊದಲ ವಿಶ್ವ ಚಾಂಪಿಯನ್. ಫಾಂಜಿಯೊನ ಸ್ಟಿಯರಿಂಗ್ ಮುರೀತು. ಪಿಟ್‌ಗೆ ಬಂದ ಮುಸ್ಸೊನನ್ನ ಕಾರು ಬಿಡು ಅಂತ ಕೇಳಿದ್ರು, ತನ್ನ ದೇಶದ ರೇಸ್, ಬಿಡಲಿಲ್ಲ. ನಾವಾಗಿದ್ರೆ ನಾವೂ ಬಿಡ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಟೈರ್ ನೋಡಿಸೋಕೆ ಕಾಲಿನ್ಸ್ ಬಂದ. ವಯಸ್ಸು 24. ಪರಿಸ್ಥಿತಿ ನೋಡಿ ತಾನೇ ಇಳಿದ. ಫಾಂಜಿಯೊ ಹತ್ತಿ, ಸ್ಟರ್ಲಿಂಗ್ ಮಾಸ್ ಹಿಂದೆ ಎರಡನೆಯವನಾಗಿ ಮುಗಿಸಿದ. ಟೈಟಲ್ ಅವನದಾಯ್ತು.

ಲೆಕ್ಕ ಹಾಕಿ ನೋಡಿದ್ರೆ ವಿಚಿತ್ರ. ಮೊಂಜಾದಲ್ಲಿ ಹಂಚಿಕೊಂಡು ಬಂದ 3 ಪಾಯಿಂಟ್ ಅವನ ಒಳ್ಳೆ ಐದರಲ್ಲಿ ಸೇರಲೇ ಇಲ್ಲ. ಕೊನೆಗೂ ಅವನದು 30ಏ. ಅಂದ್ರೆ ಕಾಲಿನ್ಸ್ ಕೊಟ್ಟಿದ್ದು ಪಾಯಿಂಟ್ ಅಲ್ಲ, ತನ್ನ ಚಾನ್ಸ್. ಇನ್ನೊಂದು ಕಡೆ, ಹಂಚಿಕೆ ರೂಲೇ ಇಲ್ಲದಿದ್ರೆ ಅರ್ಜೆಂಟೀನಾದ 4, ಮೊನಾಕೊದ 3 ಹೋಗಿ ಫಾಂಜಿಯೊ 23ಕ್ಕಿಂತ ಮೇಲೆ ಹೋಗ್ತಿರಲಿಲ್ಲ, ಮಾಸ್ ಅವನನ್ನ ದಾಟ್ತಿದ್ದ. ಹಾಗಾಗಿ ಐದರಲ್ಲಿ ಈ ಒಂದು ಟೈಟಲ್ ರೂಲ್ ಬುಕ್ ಮತ್ತೆ ಇನ್ನೊಬ್ಬನ ದೊಡ್ಡ ಮನಸ್ಸಿಂದ ಬಂದಿದ್ದು ಅಂತ ನಾವು ಒಪ್ಕೋತೀವಿ. ಫಾಂಜಿಯೊ ಕೂಡ ಜೀವನಪೂರ್ತಿ ಕಾಲಿನ್ಸ್‌ನ ಉಪಕಾರ ನೆನೆಸ್ತಾನೇ ಇದ್ದ.

ಆದ್ರೆ 1957ರ ಆಗಸ್ಟ್ 4ಕ್ಕೆ ಯಾವ ಹಂಚಿಕೆಯೂ ಇಲ್ಲ. ನ್ಯೂರ್‌ಬರ್ಗ್‌ರಿಂಗ್, ಒಂದು ಲ್ಯಾಪ್‌ಗೆ 22.8 ಕಿಲೋಮೀಟರ್, 22 ಲ್ಯಾಪ್. ಎದುರಿಗೆ ಫೆರಾರಿಯಲ್ಲಿ ಹಾಥಾರ್ನ್ ಮತ್ತೆ ಅದೇ ಕಾಲಿನ್ಸ್. ಫೆರಾರಿ ಪಿಟ್ ಸ್ಟಾಪ್ ಇಲ್ಲದೆ ಓಡೋ ಪ್ಲಾನ್ ಮಾಡಿತ್ತು. ಮಸೆರಾಟಿ ಟೈರ್ ಅಷ್ಟು ದೂರ ಬರಲ್ಲ ಅಂತ ಫಾಂಜಿಯೊಗೆ ಗೊತ್ತು. ಅರ್ಧ ಟ್ಯಾಂಕ್ ಪೆಟ್ರೋಲ್, ಮೆತ್ತನೆ ಟೈರ್ ಹಾಕ್ಕೊಂಡು ಹೊರಟ. ಹಗುರ ಕಾರು, ಅರ್ಧ ನಿಮಿಷದಷ್ಟು ಲೀಡ್ ತಗೊಂಡು ಪಿಟ್‌ಗೆ ಬಂದ. ಗ್ಯಾರೇಜ್ ಹುಡುಗನ ಲೆಕ್ಕ ಅಂದ್ರೆ ಇದೇ. ಆದ್ರೆ ಮೆಕ್ಯಾನಿಕ್‌ಗಳು ವೀಲ್ ನಟ್ ಕಳ್ಕೊಂಡು ಹುಡುಕಾಡೋಷ್ಟರಲ್ಲಿ ಲೆಕ್ಕ ತಲೆಕೆಳಗಾಯ್ತು. ಹೊರಗೆ ಬಂದಾಗ ಮುಕ್ಕಾಲು ನಿಮಿಷಕ್ಕೂ ಹೆಚ್ಚು ಹಿಂದೆ.

ಆಮೇಲೆ ಮಾಡಿದ್ದನ್ನ ಹೇಗೆ ಹೇಳೋದು. ಲ್ಯಾಪ್ ಮೇಲೆ ಲ್ಯಾಪ್ ರೆಕಾರ್ಡ್ ಮುರೀತಾ ಹೋದ. ಕ್ವಾಲಿಫೈಯಿಂಗ್‌ನಲ್ಲಿ ಪೋಲ್ ಹಾಕಿದ್ದ ಸಮಯ 9 ನಿಮಿಷ 25.6 ಸೆಕೆಂಡ್. ರೇಸ್‌ನಲ್ಲಿ 9 ನಿಮಿಷ 17.4. ಎಂಟು ಸೆಕೆಂಡ್ ಜಾಸ್ತಿ ಫಾಸ್ಟ್, 46ನೇ ವಯಸ್ಸಲ್ಲಿ! 21ನೇ ಲ್ಯಾಪ್‌ನಲ್ಲಿ ಕಾಲಿನ್ಸ್, ಹಾಥಾರ್ನ್ ಇಬ್ಬರನ್ನೂ ದಾಟಿ 3.6 ಸೆಕೆಂಡ್‌ನಿಂದ ಗೆದ್ದ. ಐದನೇ ಟೈಟಲ್ ಅಲ್ಲೇ ಮುಗೀತು. ಅದು ಅವನ 24ನೇ ಗೆಲುವು, ಕೊನೆಯದು ಕೂಡ. ಒಟ್ಟು ಓಡಿಸಿದ್ದು 51 ರೇಸ್. ಐದು ಟೈಟಲ್‌ನ ದಾಖಲೆ ಷೂಮಾಕರ್ ದಾಟೋವರೆಗೆ, ಅಂದ್ರೆ 2003ರವರೆಗೆ ಉಳೀತು.

1958ರ ಫೆಬ್ರವರಿಯಲ್ಲಿ ಕ್ಯೂಬಾದ ರೇಸಿಗೆ ಹೋದಾಗ ಕ್ಯಾಸ್ಟ್ರೊ ಕಡೆಯವರು ಹವಾನಾದ ಹೋಟೆಲಿಂದ ಅವನನ್ನ ಅಪಹರಿಸಿ, ರೇಸ್ ಮುಗಿದ ಮೇಲೆ ಬಿಟ್ಟರು. ಚೆನ್ನಾಗೇ ನೋಡ್ಕೊಂಡಿದ್ದರು. ಇದೇ ಒಂದು ಸಿನಿಮಾ ಕಥೆ, ಇನ್ನೊಂದು ಸಂಚಿಕೆಗೆ ಇಟ್ಕೊಳ್ಳೋಣ.

ಕೊನೆಯ ರೇಸ್ 1958ರ ಜುಲೈ 6, ರೀಮ್ಸ್. ಗೆಲ್ಲುತ್ತಿದ್ದ ಹಾಥಾರ್ನ್ ಫಾಂಜಿಯೊನನ್ನ ಒಂದು ಲ್ಯಾಪ್ ಹಿಂದೆ ಹಾಕಬಹುದಿತ್ತು, ಗೌರವಕ್ಕೆ ಹಾಕಲಿಲ್ಲ. ಅದೇ ರೇಸಲ್ಲಿ ಮುಸ್ಸೊ ಸತ್ತ. ಕಾಸ್ಟೆಲೊಟಿ ಹಿಂದಿನ ವರ್ಷವೇ ಮೊಡೆನಾದಲ್ಲಿ ಟೆಸ್ಟಿಂಗ್ ಮಾಡ್ತಾ ಸತ್ತಿದ್ದ. ನಾಲ್ಕು ವಾರದ ಮೇಲೆ, ಆಗಸ್ಟ್ 3ರಂದು, ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ಕಾಲಿನ್ಸ್ ಹೋದ. ಮೊಂಜಾದಲ್ಲಿ ಕಾರು ಬಿಟ್ಟುಕೊಟ್ಟಾಗ ತನಗಿನ್ನೂ ತುಂಬಾ ವರ್ಷ ಇದೆ ಅಂದ್ಕೊಂಡಿದ್ದವನಿಗೆ 26 ವರ್ಷ. ಕಾರು ಹಂಚಿಕೊಂಡ್ರೆ ಪಾಯಿಂಟ್ ಇಲ್ಲ ಅನ್ನೋ ರೂಲ್ ಬಂದಿದ್ದೂ ಅದೇ 1958ರಲ್ಲಿ.

ಫಾಂಜಿಯೊ ಅರ್ಜೆಂಟೀನಾಗೆ ವಾಪಸ್ ಹೋಗಿ ಮರ್ಸಿಡಿಸ್ ಕಾರು ಮಾರೋ ವ್ಯವಹಾರ ಮಾಡ್ಕೊಂಡಿದ್ದ. 1986ರಲ್ಲಿ ಬಾಲ್ಕಾರ್ಸೆಯಲ್ಲಿ ಅವನ ಹೆಸರಿನ ಮ್ಯೂಸಿಯಂ ಬಂತು. 1995ರ ಜುಲೈ 17ರಂದು, 84ನೇ ವಯಸ್ಸಿನಲ್ಲಿ ತೀರಿಕೊಂಡ. ಪೀಟರ್ ಕಾಲಿನ್ಸ್ ಹೆಸರಲ್ಲಿ ಮೂರು ಗೆಲುವಿದೆ, ಟೈಟಲ್ ಇಲ್ಲ.